ಉಳಿದ ಮನೆ, ಮರೆಯಾದ ಅಂಗಳ: ಕುಪ್ಪಳಿಯ ಕವಿಮನೆಯ ಜಾನಪದೀಯ ಅವಲೋಕನ

ಸಮಾಜಸುಧಾರಕರ ಮನೆಗಳನ್ನು ವಸ್ತುಸಂಗ್ರಹಾಲಯಗಳಾಗಿ ಉಳಿಸಿಕೊಳ್ಳುವಾಗ ಒಂದು ತೊಡಕು ಎದುರಾಗುತ್ತದೆ. ಸುಧಾರಕರು ಯಾವ ವ್ಯವಸ್ಥೆಯನ್ನು ಪ್ರಶ್ನಿಸಿದರೋ ಅದೇ ವ್ಯವಸ್ಥೆ ಕಟ್ಟಿದ ಮನೆಯನ್ನು ಅವರ ಹೆಸರಿನಲ್ಲಿ ನಾವು ಜತನ ಮಾಡುತ್ತೇವೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿರುವ ಕುವೆಂಪು ಅವರ ಮನೆ ಇದಕ್ಕೆ ನಿದರ್ಶನ. ‘ಕವಿಮನೆ’ ಎಂಬ ಹೆಸರೇ ಅದಕ್ಕೆ ನಿಂತಿದೆ. ಪುರೋಹಿತಶಾಹಿಯನ್ನೂ ಜಾತಿಭೇದವನ್ನೂ ವಿರೋಧಿಸಿದ ವಿಚಾರವಾದಿ ಆ ಹೆಸರಿನ ಹಿಂದೆ ಸರಿದಿದ್ದಾರೆ.

ಶಿಥಿಲಗೊಂಡಿದ್ದ ಈ ತೊಟ್ಟಿಮನೆಯನ್ನು ರಾಷ್ಟ್ರಕವಿ ಕುವೆಂಪು ಪ್ರತಿಷ್ಠಾನವು ಜೀರ್ಣೋದ್ಧಾರಗೊಳಿಸಿದ್ದು ಸಣ್ಣ ಸಾಧನೆಯಲ್ಲ. ಹಂಪಿಯ ಸ್ಮಾರಕಗಳು 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೂ ಸಾಣಾಪುರ-ಆನೆಗೊಂದಿ ಭಾಗದ ಕಲ್ಲುಮಣ್ಣಿನ ಮಾಳಿಗೆಮನೆಗಳು ಸಿಮೆಂಟಿಗೆ ಎಡೆಬಿಟ್ಟುದನ್ನು ಕಂಡವರಿಗೆ ಅದರ ಬೆಲೆ ತಿಳಿಯುತ್ತದೆ.

ಆದರೆ ತೊಟ್ಟಿಮನೆಯೆಂಬುದು ಕೇವಲ ವಾಸ್ತುಶೈಲಿಯಲ್ಲ. ಯಾರು ಜಗಲಿ ಏರಬಹುದು, ಯಾರು ಅಂಗಳದಲ್ಲೇ ನಿಲ್ಲಬೇಕು, ಯಾರ ಲೋಕ ಅಡುಗೆಮನೆಗೇ ಮುಗಿಯುತ್ತದೆ ಎಂಬುದನ್ನು ಅದರ ಹೊಸ್ತಿಲುಗಳೇ ನಿರ್ಣಯಿಸುತ್ತಿದ್ದವು. ‘ಕಾನೂರು ಹೆಗ್ಗಡಿತಿ’ (1936) ಮತ್ತು ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಗಳು ಚಿತ್ರಿಸಿರುವುದು ಈ ಹೊಸ್ತಿಲುಗಳನ್ನೇ. ಗುತ್ತಿ-ತಿಮ್ಮಿ, ಐತ-ಪೀಂಚಲು ಇವರಿಲ್ಲದೆ ಆ ಮನೆಗಳ ಒಲೆ ಉರಿಯುವುದಿಲ್ಲ, ಗದ್ದೆ ನಡೆಯುವುದಿಲ್ಲ. ಒರಳು, ಒನಕೆ, ಬೀಸುವ ಕಲ್ಲುಗಳನ್ನು ನಮ್ಮ ಸಂಗ್ರಹಾಲಯಗಳು ಒಪ್ಪವಾಗಿ ಜೋಡಿಸುತ್ತವೆ. ಅವನ್ನು ಸವೆಸಿದ ಕೈಗಳ ಕಥನ ಜೊತೆಗಿರುವುದು ವಿರಳ. ಕುವೆಂಪು ಅವರ ಮನೆಗೆ ಅವರ ಕಾದಂಬರಿಗಿಂತ ಉತ್ತಮ ಮಾರ್ಗದರ್ಶಿ ಬೇರೆ ಬೇಕಿಲ್ಲವೆಂದೇ ಈ ಲೇಖಕನ ಅಭಿಪ್ರಾಯ.

ಕವಿಮನೆಯಲ್ಲಿ ಪ್ರದರ್ಶಿತವಾಗಿರುವ ಕುವೆಂಪು ಅವರ ಮದುವೆಯ ಮಂಟಪವನ್ನು ಈ ದೃಷ್ಟಿಯಿಂದ ಗಮನಿಸಬೇಕು. ಅವರ ವಿವಾಹ ನಡೆದದ್ದು 1937ರಲ್ಲಿ. ಪುರೋಹಿತ, ಮುಹೂರ್ತ, ವರದಕ್ಷಿಣೆಗಳನ್ನು ಕೈಬಿಟ್ಟ ‘ಮಂತ್ರಮಾಂಗಲ್ಯ’ದ ರೀತಿಯಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯಾದದ್ದು 1966ರಲ್ಲಿ. ಈ ಎರಡರ ನಡುವಿನ ಇಪ್ಪತ್ತೊಂಬತ್ತು ವರ್ಷಗಳೇ ಸುಧಾರಕನ ಚರಿತ್ರೆ. ಅಲಂಕೃತ ಮಂಟಪವು ಕಣ್ಣಿಗೆ ಕಾಣುವ ವಸ್ತು. ಮಂತ್ರಮಾಂಗಲ್ಯಕ್ಕಾದರೋ ಮಂಟಪವೇ ಬೇಕಿಲ್ಲ. ನಿರಾಕರಣೆಯನ್ನು ಗಾಜಿನ ಪೆಟ್ಟಿಗೆಯಲ್ಲಿಡುವುದು ಹೇಗೆ? ಆ ವಿಧಿಯಲ್ಲಿ ಮದುವೆಯಾದವರ ಮಾತುಗಳನ್ನು ಧ್ವನಿಮುದ್ರಿಸಿ ಮಂಟಪದ ಪಕ್ಕದಲ್ಲೇ ಕೇಳಿಸುವುದು ಒಂದು ದಾರಿ.

2015ರಲ್ಲಿ ಇದೇ ಮನೆಯಿಂದ ಪದ್ಮ ಪ್ರಶಸ್ತಿಯ ಪದಕಗಳು ಕಳುವಾದಾಗ ನಾಡು ಸಹಜವಾಗಿಯೇ ಕಳವಳಗೊಂಡಿತು. ಒಕ್ಕಲು ಮತ್ತು ಆಳುಮಕ್ಕಳ ಕುಟುಂಬಗಳ ನೆನಪುಗಳು ಹಿರಿಯರೊಡನೆ ಅಳಿದುಹೋಗುವಾಗ ಯಾವ ಠಾಣೆಯಲ್ಲಿಯೂ ದೂರು ದಾಖಲಾಗುವುದಿಲ್ಲ. ಸುತ್ತಲಿನ ಹಳ್ಳಿಗಳ ಕೇರಿಗಳಲ್ಲಿ ಈ ಮೌಖಿಕ ಸಾಮಗ್ರಿಯ ಸಂಗ್ರಹಕಾರ್ಯವನ್ನು ಕೈಗೊಂಡು, ದೊರೆತುದನ್ನು ಮನೆಯ ಒಳಕೋಣೆಯಲ್ಲಲ್ಲ, ಅಂಗಳದಲ್ಲಿಯೇ ಪ್ರದರ್ಶಿಸುವುದು ಉಚಿತ.