ಶರೀಫ ಸಾಹೇಬರ ಭಾವಚಿತ್ರ: ಒಂದು ವಿಚಾರ

ಕುಂದಗೋಳ, ಕಲಘಟಗಿ, ನವಲಗುಂದ ಸೀಮೆಗಳಲ್ಲಿ ಶಿಶುನಾಳ ಶರೀಫ ಸಾಹೇಬರ ಪದಗಳನ್ನು ಕೇಳದವರು ಹೇಗೆ ವಿರಳವೋ ಅವರ ಪಟವನ್ನು ಕಾಣದವರೂ ಹಾಗೆಯೇ ವಿರಳ. ತಲೆಗೆ ರುಮಾಲು, ಬಿಳಿಯ ಗಡ್ಡ, ಮುಪ್ಪಿನ ಶಾಂತ ಮುಖ: ಇಷ್ಟರಿಂದಲೇ ಜನರು ಅವರನ್ನು ಗುರುತಿಸುತ್ತಾರೆ. ಆದರೆ ಈ ಪಟವು ಕುಂಚದ ಸೃಷ್ಟಿ. 1889ರಲ್ಲಿ ಅವರು ಕಾಲವಾದ ತರುವಾಯ ಜನರ ಭಕ್ತಿಯಲ್ಲಿ ನೆಲೆನಿಂತ ರೂಪ. ಇಂಥ ಚಿತ್ರವನ್ನು ವಿಮರ್ಶಿಸುವ ಬಗೆ ಯಾವುದು ಎಂಬುದೇ ಪ್ರಕೃತ ಪ್ರಶ್ನೆ.

ಹೋಲಿಕೆಯ ಮಾನದಂಡ ಇಲ್ಲಿ ಸಲ್ಲದು. ಮೂಲವೇ ಕಣ್ಣೆದುರಿಗಿಲ್ಲದಾಗ ಪ್ರತಿಯನ್ನು ಯಾವುದರೊಡನೆ ಹೋಲಿಸುವುದು? ಬಸವಣ್ಣನವರ, ಪುರಂದರದಾಸರ ಪಟಗಳಿಗೂ ಈ ಮಾತು ಅನ್ವಯಿಸುತ್ತದೆ. ಆದುದರಿಂದ ಚಿತ್ರವು ಏನನ್ನು ಆಯ್ದುಕೊಂಡಿದೆ, ಏನನ್ನು ಬಿಟ್ಟಿದೆ ಎಂದು ಕೇಳುವುದೇ ಯುಕ್ತವೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ ವಯಸ್ಸು. ಶರೀಫರು ಜನಿಸಿದ್ದು 1819ರಲ್ಲಿ. ಪಟವು ಅವರ ಕೊನೆಯ ವರ್ಷಗಳನ್ನಷ್ಟೇ ಹಿಡಿದಿದೆ. ಕೆಲಕಾಲ ಮಕ್ಕಳಿಗೆ ಅಕ್ಷರ ಕಲಿಸಿದ ಮಾಸ್ತರನೂ ಕುಂದಗೋಳ ತಾಲೂಕಿನ ಕಳಸದ ಗೋವಿಂದಭಟ್ಟರಿಗೆ ಶಿಷ್ಯನಾದ ತರುಣನೂ ಅದರಲ್ಲಿಲ್ಲ. ಈ ಕೊರತೆಯನ್ನು 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರ ಕೆಲಮಟ್ಟಿಗೆ ತುಂಬಿತು. ಅಲ್ಲಿ ಶರೀಫರಾದವರು ಶ್ರೀಧರ್, ಗುರುವಾದವರು ಗಿರೀಶ ಕಾರ್ನಾಡರು. ಆದರೆ ನಟನ ಮುಖವೂ ಇನ್ನೊಂದು ಕಲ್ಪನೆಯೇ ಎಂಬುದನ್ನು ಮರೆಯಲಾಗದು.

ಎರಡನೆಯದಾಗಿ ವೇಷ. ಗುರುಗಳು ತಮ್ಮ ಜನಿವಾರವನ್ನೇ ಶಿಷ್ಯನಿಗೆ ಹಾಕಿದರೆಂದೂ ಶರೀಫರ ಅಂತ್ಯಕ್ರಿಯೆ ಹಿಂದೂ ಮುಸ್ಲಿಂ ಎರಡೂ ವಿಧಿಗಳಿಂದ ನಡೆಯಿತೆಂದೂ ಐತಿಹ್ಯವಿದೆ. 1997ರಿಂದ ಹಾವೇರಿ ಜಿಲ್ಲೆಗೆ ಸೇರಿರುವ ಶಿಶುನಾಳದ ಗದ್ದುಗೆಗೆ ಉಭಯ ಸಮಾಜದವರೂ ನಡೆದುಕೊಳ್ಳುತ್ತಾರೆ. ಇಂಥವರನ್ನು ಬರೆಯುವ ಚಿತ್ರಕಾರನ ಸಂಕಟ ಸಣ್ಣದಲ್ಲ. ಒಂದು ಗುರುತು ಹೆಚ್ಚಾದರೂ ಅವರು ಒಂದೇ ಪಂಗಡದ ಸೊತ್ತಾಗುತ್ತಾರೆ. ಪರಂಪರೆಯ ಪಟ ಗೆದ್ದಿರುವುದು ಇಲ್ಲಿಯೇ. ರುಮಾಲು ಈ ಸೀಮೆಯಲ್ಲಿ ಒಕ್ಕಲಿಗನದೂ ಹೌದು, ನೇಕಾರನದೂ ಹೌದು, ಅದಕ್ಕೆ ಮತವಿಲ್ಲ. ಇನ್ನು ಮುಂದೆ ಹೊಸ ಪಟ ಬರೆಯುವವರು ಈ ಎಚ್ಚರವನ್ನು ಬಿಟ್ಟರೆ ಆಗುವ ಹಾನಿ ಚಿತ್ರಕಲೆಗೆ ಮಾತ್ರ ಸೀಮಿತವಾಗಿ ಉಳಿಯದು.

ಮೂರನೆಯದು ಕಾವ್ಯಕ್ಕೆ ಸಂಬಂಧಿಸಿದ್ದು. ಪದದ ಕೊನೆಗೆ ಶರೀಫರು ನಿಲ್ಲಿಸುವುದು ತಮ್ಮ ಹೆಸರನ್ನಲ್ಲ, 'ಶಿಶುನಾಳಧೀಶ'ನನ್ನು. ತನ್ನನ್ನು ಮರೆಸಿಕೊಂಡ ಕವಿಗೆ ಪಟವು ಮುಖವನ್ನು ಕೊಟ್ಟಿದೆ. ಕೊಟ್ಟ ಮುಖವಾದರೂ ಕವಿಯದೇ? ಸೋರುವ ಮಣ್ಣಿನ ಮಾಳಿಗೆಯಲ್ಲಿ ಅಜ್ಞಾನದ ಪಾಡನ್ನು ಕಂಡವರು, ಕೋಳಿ ಕೋಡಗಗಳನ್ನು ಹಿಡಿದು ಒಗಟು ಕಟ್ಟಿದವರು ಬರಿಯ ಶಾಂತಮೂರ್ತಿಯಲ್ಲ. ಅವರಲ್ಲಿ ವಿಡಂಬನೆಯಿದೆ, ತಳಮಳವಿದೆ, ಹಳ್ಳಿಯ ನಗೆಯಿದೆ. ನಾವು ಕಂಡ ಪಟಗಳಲ್ಲಿ ಆ ನಗೆ ಇಲ್ಲ. ಭಕ್ತಿಯು ಸಂತನನ್ನು ಉಳಿಸಿಕೊಂಡಿತು. ಕವಿಯನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿತು.

ಹಾಗೆಂದು ಪಟವನ್ನು ಗೋಡೆಯಿಂದ ಇಳಿಸಬೇಕಿಲ್ಲ. ವಿದ್ಯಾರ್ಥಿಗಳು ಮೊದಲು ಪದಗಳನ್ನು ಕೇಳಿ, ಆಮೇಲೆ ಪಟವನ್ನು ನೋಡಲಿ. ಕುಂಚ ಬಿಟ್ಟುದನ್ನು ಕಿವಿ ತುಂಬಿಕೊಡುವುದು.