ಟಿಪ್ಪುವಿನ ಬಂಧು ಲಂಡನ್ನಿನ ಸೇವೆಯಲ್ಲಿ

2003ರಲ್ಲಿ ಬಂದ 'ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್' ಚಿತ್ರವನ್ನು ಮೊನ್ನೆ ಹಿರೇಹಳ್ಳಿಯ ಮನೆಯಲ್ಲಿ ಅಕ್ಕನ ಮಗನ ಜೊತೆ ನೋಡಿದೆ. ಕಾಲ 1899. ಜರ್ಮನ್ ಸಮವಸ್ತ್ರ ತೊಟ್ಟವರು ಟ್ಯಾಂಕು ಹತ್ತಿ ಲಂಡನ್ನಿನ ಬ್ಯಾಂಕಿಗೆ ನುಗ್ಗುತ್ತಾರೆ. ನಿಜ ಇತಿಹಾಸದಲ್ಲಿ ಟ್ಯಾಂಕು ರಣರಂಗಕ್ಕೆ ಇಳಿದದ್ದು 1916ರಲ್ಲಿ. ಇರಲಿ, ಕಲ್ಪನೆಗೆ ಅಷ್ಟು ಸ್ವಾತಂತ್ರ್ಯ ಬೇಕು. ಮಹಾಯುದ್ಧ ತಪ್ಪಿಸಲು ಲಂಡನ್ ಕಟ್ಟಿದ ತಂಡದಲ್ಲಿ ಕ್ಯಾಪ್ಟನ್ ನೆಮೋ ಇದ್ದಾನೆ. ಪಾತ್ರಧಾರಿ ನಸೀರುದ್ದೀನ್ ಶಾ.

"ಮಾಮೂ, ಇವನು ಇಂಗ್ಲಿಷರ ಕಡೆ ಯಾಕಿದ್ದಾನೆ?" ಎಂದ ಹುಡುಗ. ನೆಮೋನ ಕಥೆ ಅವನಿಗೆ ಹೇಳಿದ್ದವನು ನಾನೇ.

ಫ್ರೆಂಚ್ ಲೇಖಕ ಜೂಲ್ಸ್ ವರ್ನ್ ಮೊದಲು ನೆಮೋನನ್ನು ರಷ್ಯಾದ ಮೇಲೆ ಸೇಡು ತೀರಿಸಿಕೊಳ್ಳುವ ಪೋಲೆಂಡಿನವನಾಗಿ ಕಲ್ಪಿಸಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯಾದಲ್ಲೂ ಪುಸ್ತಕ ಮಾರಬೇಕಿತ್ತಲ್ಲ! 1875ರಲ್ಲಿ ಪೂರ್ತಿಯಾದ 'ನಿಗೂಢ ದ್ವೀಪ'ದಲ್ಲಿ ಅವನು ಬುಂದೇಲಖಂಡದ ರಾಜಕುಮಾರ ದಕ್ಕರ್, ಟಿಪ್ಪುವಿನ ಅಣ್ಣತಮ್ಮಂದಿರ ಮಗನೋ ಅಕ್ಕತಂಗಿಯರ ಮಗನೋ (ಫ್ರೆಂಚಿನಲ್ಲಿ ಎರಡಕ್ಕೂ ಒಂದೇ ಪದ). 1857ರ ದಂಗೆಯಲ್ಲಿ ಹೋರಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು.

ಇಂಗ್ಲೆಂಡನ್ನು ಬೈಯಲು ಫ್ರೆಂಚರಿಗೆ ಕಷ್ಟವೇನಿಲ್ಲ. ಆದರೆ 1788ರಲ್ಲಿ ವರ್ಸೈಗೆ ಹೋದ ಟಿಪ್ಪುವಿನ ರಾಯಭಾರಿಗಳಿಗೆ ಅದೇ ಫ್ರಾನ್ಸ್ ಮರ್ಯಾದೆ ಮಾಡಿತೇ ಹೊರತು ಕೇಳಿದ ಸೈನ್ಯ ಕೊಡಲಿಲ್ಲ. ಒಬ್ಬರ ಕಾದಂಬರಿಗೆ ನೆಮೋನ ಸಿಟ್ಟು ಬೇಕಾಯಿತು, ಇನ್ನೊಬ್ಬರ ಚಿತ್ರಕ್ಕೆ ಅವನ ಜಲಾಂತರ್ಗಾಮಿ, ಪೇಟ ಮತ್ತು ಕಾಳಿಯ ವಿಗ್ರಹ ಸಾಕಾಯಿತು. ನಸೀರ್ ಗಾಂಭೀರ್ಯದಿಂದ ನಟಿಸಿದ್ದಾರೆ. ಚಿತ್ರಕಥೆ ಅವರಿಗೆ ಕೋಪಿಸಿಕೊಳ್ಳಲು ಜಾಗ ಬಿಟ್ಟಿಲ್ಲ.

2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯಲ್ಲಿ ಟಿಪ್ಪು ಕಾಲದ ಸಾವಿರ ರಾಕೆಟ್ಟುಗಳು ಸಿಕ್ಕವು. ಅವುಗಳ ಮೇಲೆ ನಾನಿನ್ನೂ ಒಂದು ಕಥೆ ಬರೆದಿಲ್ಲ.