ಖಾಲಿ ಬಿಟ್ಟ ಕಾಲಂ: ಮುಂಬಯಿಯ ಕನ್ನಡ ರಾತ್ರಿ ಶಾಲೆಗಳನ್ನು ಕುರಿತು

ಮುಂಬಯಿ ಕನ್ನಡಿಗರ ಸಾಧನೆಯ ಲೆಕ್ಕ ಬರೆಯಲು ಕೂತವರು ಮೊದಲು ಹೋಟೆಲುಗಳನ್ನು ಹೆಸರಿಸುತ್ತಾರೆ, ಆಮೇಲೆ ಬ್ಯಾಂಕುಗಳನ್ನು, ಆಮೇಲೆ ಸಂಘಗಳನ್ನು, ಯಕ್ಷಗಾನವನ್ನು. ರಾತ್ರಿ ಶಾಲೆಗಳ ಪಾಲಿಗೆ ಉಳಿಯುವುದು ಸ್ಮರಣ ಸಂಚಿಕೆಯ ಒಂದೆರಡು ಸಾಲು. ನನ್ನ ಎಣಿಕೆಯಲ್ಲಿ ನಮ್ಮವರು ಈ ನಗರದಲ್ಲಿ ಕಟ್ಟಿದ್ದೆಲ್ಲದರಲ್ಲೂ ಹೆಚ್ಚು ಧೈರ್ಯದ ಕೆಲಸ ಅದೇ. ತಟ್ಟೆ ಲೋಟ ತೊಳೆಯುತ್ತಿದ್ದ ಹುಡುಗ ಕಚೇರಿಯ ಕುರ್ಚಿಗೆ ಅರ್ಜಿ ಹಾಕಬಹುದು ಎಂದು ಅವು ನಂಬಿದವು. ಆ ನಂಬಿಕೆಗೆ ತಕ್ಕ ಏರ್ಪಾಡನ್ನೂ ಮಾಡಿದವು. ಅದಕ್ಕೇ ಅವುಗಳನ್ನು ಹೊಗಳಿ ಕೈತೊಳೆದುಕೊಳ್ಳಬಾರದು, ಒರೆಗೆ ಹಚ್ಚಿ ನೋಡಬೇಕು.

ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ. ಮುಂದೆ ಪ್ರೌಢಶಾಲೆಯಾಗಿ ಬೆಳೆದ ತನ್ನ ಉಚಿತ ರಾತ್ರಿ ಶಾಲೆಯನ್ನು ಅದು 1908ರಲ್ಲಿ ತೆರೆಯಿತು. ಕರಾವಳಿಯವರು ಹಡಗು ಹತ್ತಿ ಮುಂಬಯಿಗೆ ಬರುತ್ತಿದ್ದ ಕಾಲವದು. ಬಿಲ್ಲವರ ಅಸೋಸಿಯೇಶನ್ನಿನ ಗುರುನಾರಾಯಣ ರಾತ್ರಿ ಶಾಲೆಯಂಥವು ಆಮೇಲೆ ಅದೇ ದಾರಿ ಹಿಡಿದವು. 1974ರ ಭೂಸುಧಾರಣೆಯ ತಿದ್ದುಪಡಿ ಬಂದ ಮೇಲೆ, ಗೇಣಿಯ ಆದಾಯವನ್ನೇ ನೆಚ್ಚಿಕೊಂಡಿದ್ದ ಮನೆಗಳ ಹುಡುಗರೂ ಮುಂಬಯಿ ಬಸ್ಸು ಹತ್ತಿದರು. ಊರಿನಲ್ಲಿ ಐದನೆಯದೋ ಏಳನೆಯದೋ ಓದಿ ಬಿಟ್ಟವರಿಗೆ ಇಲ್ಲಿ ಮತ್ತೆ ಪಾಟಿಚೀಲ ಸಿಕ್ಕಿತು.

ಈ ಶಾಲೆಗಳು ಫೋರ್ಟ್‌ನ ಸುತ್ತಮುತ್ತ ಚೆನ್ನಾಗಿ ಬೇರೂರಿದ್ದಕ್ಕೆ ಕಾರಣ ಬೀದಿಯಲ್ಲೇ ಇದೆ. ಅಲ್ಲಿನ ಹೋಟೆಲುಗಳು ನಡೆಯುವುದು ಕಚೇರಿಯವರನ್ನು ನಂಬಿ. ಸಂಜೆ ಆರಕ್ಕೆ ಗುಮಾಸ್ತರು ಚರ್ಚ್‌ಗೇಟ್ ಕಡೆಗೋ ವಿ.ಟಿ. ಕಡೆಗೋ ಹೆಜ್ಜೆ ಹಾಕಿದರೆಂದರೆ ಗಿರಾಕಿ ಕರಗಿತು, ಹುಡುಗನಿಗೆ ಎರಡು ಮೂರು ಗಂಟೆ ಬಿಡುವಾಯಿತು. ಉಪನಗರಗಳಲ್ಲಿ ಇದೆಲ್ಲ ತಿರುವುಮುರುವು. ಅಂಧೇರಿ, ಘಾಟ್‌ಕೋಪರ್, ಮುಲುಂಡ್‌ನ ಹೋಟೆಲಿಗೆ ಜನ ನುಗ್ಗುವುದೇ ರೈಲಿಳಿದು ಮನೆಗೆ ಹೋಗುವ ಹೊತ್ತಿಗೆ. ಅಲ್ಲಿನ ಹುಡುಗನನ್ನು ಆರೂವರೆಗೆ ಶಾಲೆಗೆ ಬಿಡಲು ಮಾಲಕನ ಮನಸ್ಸು ದೊಡ್ಡದಿರಬೇಕಿತ್ತು. ಒಬ್ಬನೇ ಮಾಲಕನ ಎರಡು ಹೋಟೆಲುಗಳಲ್ಲಿ, ಫೋರ್ಟ್‌ನ ಹುಡುಗ ಮೆಟ್ರಿಕ್ ಮುಗಿಸಿ, ಉಪನಗರದ ಹುಡುಗ ಎಂಟನೆಯಲ್ಲೇ ನಿಂತುಬಿಡುವುದು ಸಾಧ್ಯವಿತ್ತು. ಓದಿನ ಆಸೆ ಇಬ್ಬರಿಗೂ ಇತ್ತು, ಸಂಜೆ ಇದ್ದದ್ದು ಒಬ್ಬನಿಗೆ ಮಾತ್ರ.

ಹೋಟೆಲಿನಲ್ಲಿ ಕ್ಲೀನರ್, ಸಪ್ಲೈಯರ್, ಅಡುಗೆಯ ಭಟ್ರು, ಗಲ್ಲಾದವರು ಎಂದು ಮೆಟ್ಟಿಲುಗಳಿದ್ದವು. ಇವರ ನಡುವೆ ‘ಬಾಹರ್‌ವಾಲಾ’ ಎಂಬವನೊಬ್ಬ. ಸುತ್ತಲಿನ ಕಚೇರಿಗಳಿಗೆ ಚಾ ಒಯ್ಯುವವನು. ಬೇರೆಯವರು ಹೋಟೆಲಿನೊಳಗಿಂದ ನಗರವನ್ನು ಕಂಡರೆ ಇವನು ಕಚೇರಿಗಳನ್ನೇ ಒಳಗಿನಿಂದ ಕಂಡ. ಯಾವ ಮೇಜಿನವರು ನಿವೃತ್ತರಾಗುತ್ತಾರೆ, ಯಾವ ವಿಭಾಗದಲ್ಲಿ ಜಾಗ ಖಾಲಿ ಇದೆ ಎಂಬುದು ಪತ್ರಿಕೆಯ ಜಾಹೀರಾತಿಗಿಂತ ಮೊದಲೇ ಇವನ ಕಿವಿಗೆ ಬೀಳುತ್ತಿತ್ತು. ಚಾ ಕೊಟ್ಟ ಮೇಜಿಗೇ ಅರ್ಜಿಯನ್ನೂ ಕೊಡಬಹುದು ಎಂಬ ಯೋಚನೆ ಹುಟ್ಟಿದ್ದು ಇಲ್ಲಿ. ಆ ಯೋಚನೆಗೆ ಕೈಕಾಲು ಕೊಟ್ಟದ್ದು ರಾತ್ರಿ ಶಾಲೆ.

ಶಾಲೆಯ ಪಠ್ಯವೆಂದರೆ ಎಸ್‌ಎಸ್‌ಸಿಯ ಗಣಿತ, ಇತಿಹಾಸ, ಇಂಗ್ಲಿಷು. ಅದರಾಚೆಗೆ ಯಾವ ಪುಸ್ತಕದಲ್ಲೂ ಅಚ್ಚಾಗದ ಇನ್ನೊಂದು ಪಠ್ಯವಿತ್ತು, ಅದರ ಬೆಲೆ ದೊಡ್ಡದು. ಎಷ್ಟೋ ಮೇಷ್ಟ್ರುಗಳು ಹಗಲು ಬೇರೆ ಕಡೆ ದುಡಿದು ಸಂಜೆ ಪಾಠಕ್ಕೆ ನಿಂತವರು. ಕಚೇರಿಯ ರೀತಿನೀತಿ ಅವರಿಗೆ ಗೊತ್ತಿತ್ತು. ಅರ್ಜಿಯ ಕರಡು ತಿದ್ದುವುದು, ಸಂದರ್ಶನದಲ್ಲಿ ಕುಳಿತುಕೊಳ್ಳುವ ಬಗೆ, ಟೈಪಿಂಗ್ ಪರೀಕ್ಷೆಗೆ ಯಾವಾಗ ಕಟ್ಟಬೇಕು, ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿನ ಕಾರ್ಡನ್ನು ಹೇಗೆ ನವೀಕರಿಸಬೇಕು, ಎಲ್ಲವನ್ನೂ ಹೇಳಿಕೊಟ್ಟರು. ಮುಂದೆ ಓದುವವರಿಗೆ, ದುಡಿಯುವವರಿಗೆಂದೇ ಬೆಳಗಿನ ತರಗತಿ ನಡೆಸುತ್ತಿದ್ದ ಸಿದ್ಧಾರ್ಥ ಕಾಲೇಜಿನ ದಾರಿ ತೋರಿಸಿದರು. ಅಂಬೇಡ್ಕರ್ ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ ಅದನ್ನು ತೆರೆದದ್ದು 1946ರಲ್ಲಿ.

ಇದರ ತೂಕ ತಿಳಿಯಬೇಕಾದರೆ ಅಂದಿನ ನೌಕರಿಯ ಪೇಟೆ ಹೇಗಿತ್ತೆಂದು ನೆನೆಯಬೇಕು. ಕೆನರಾ, ಸಿಂಡಿಕೇಟ್, ಕಾರ್ಪೊರೇಶನ್, ವಿಜಯಾ, ಎಲ್ಲವೂ ನಮ್ಮ ಕರಾವಳಿಯ ಬ್ಯಾಂಕುಗಳು. ಪರಿಚಯದ ಹಿರಿಯರ ಒಂದು ಮಾತಿಗೆ ಅಲ್ಲಿ ಬೆಲೆಯಿತ್ತು. ಕೆನರಾ, ಸಿಂಡಿಕೇಟ್ 1969ರಲ್ಲಿ, ಉಳಿದೆರಡು 1980ರಲ್ಲಿ ರಾಷ್ಟ್ರೀಕೃತವಾದ ಮೇಲೆ ಆ ಮಾತಿನ ಬಲ ಕುಗ್ಗಿತು. ವಶೀಲಿ ಇಲ್ಲದವನ ಕೈಯಲ್ಲಿ ಉಳಿದದ್ದು ಅರ್ಜಿಯೊಂದೇ. ಮುಂಬಯಿಯಲ್ಲಿ ಅದೂ ಸಲೀಸಾಗಿರಲಿಲ್ಲ. 1960ರಲ್ಲಿ ಶುರುವಾದ ‘ಮಾರ್ಮಿಕ್’ ವಾರಪತ್ರಿಕೆ ಕಚೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚುಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿದ ಮೇಲೆ ಉಡುಪಿ ಹೋಟೆಲಿನ ಗಾಜಿಗೆ ಕಲ್ಲು ಬೀಳುವ ಭಯವೂ ಸೇರಿತು. ಅಂಥ ದಿನಗಳಲ್ಲಿ ಶೆಟ್ಟಿ, ಪೂಜಾರಿ, ಸುವರ್ಣ, ಬಂಗೇರ ಎಂಬ ಹೆಸರು ಬರೆದು, ಗುರುತೇ ಇಲ್ಲದ ಕಚೇರಿಗೆ ಅರ್ಜಿ ಕಳಿಸುವುದಕ್ಕೆ ಎದೆಗಾರಿಕೆ ಬೇಕಿತ್ತು. ಅದನ್ನು ಆ ಹುಡುಗರಲ್ಲಿ ಬೆಳೆಸಿದ ಶ್ರೇಯ ಪೂರ್ತಿ ಶಾಲೆಗಳದು.

ಈಗ ನನ್ನ ತಕರಾರು. ನಮ್ಮ ಊರಿನ ಹಿರಿಯರೊಬ್ಬರ ಟ್ರಂಕಿನಲ್ಲಿ 1971ರ ಅರ್ಜಿಯೊಂದರ ಕಾರ್ಬನ್ ಪ್ರತಿ ಇದೆ. ವಿಮಾ ಕಚೇರಿಯೊಂದರ ನಗದು ವಿಭಾಗದಲ್ಲಿ ಸಹಾಯಕನ ಹುದ್ದೆಗೆ ಬರೆದದ್ದು. ನೀಲಿ ಶಾಯಿ ಹರಡಿ ಅಂಚಿನ ಅಕ್ಷರಗಳು ಮಸುಕಾಗಿವೆ, ಆದರೂ ಓದಲು ಅಡ್ಡಿಯಿಲ್ಲ. ವಯಸ್ಸು 22. ಎಸ್‌ಎಸ್‌ಸಿ, ಎರಡನೆಯ ದರ್ಜೆ. ಟೈಪಿಂಗ್ ನಿಮಿಷಕ್ಕೆ 40 ಪದ. ಅನುಭವ ಎಂಬ ಕಾಲಮಿನ ಎದುರು ‘ನಿಲ್’. ಆ ಹೊತ್ತಿಗೆ ಅವರು ಹೋಟೆಲಿಗೆ ಸೇರಿ ಒಂಬತ್ತು ವರ್ಷವಾಗಿತ್ತು. ಮೋರಿಯ ಮುಂದೆ ಶುರುವಾದವರು ಗಲ್ಲಾದವರೆಗೆ ಬಂದಿದ್ದರು. ದಿನದ ವ್ಯಾಪಾರ ಎಣಿಸಿ, ಬಾಕಿ ಖಾತೆ ತಾಳೆ ನೋಡಿ ಮಾಲಕರ ಕೈಗೆ ಒಪ್ಪಿಸುತ್ತಿದ್ದರು. ಕೇಳಿದ್ದು ನಗದು ಎಣಿಸುವ ಕೆಲಸ, ನಗದು ಎಣಿಸಿ ಪಳಗಿದವರು ಬರೆದದ್ದು ‘ನಿಲ್’! “ಮೇಷ್ಟ್ರೇ ಹೇಳಿದ್ದು. ಹೋಟೆಲ್ ಅಂತ ಬರಿಬೇಡ ಮಾರಾಯ, ಚಾ ತರುವವನು ಅಂತ ಆಚೆಗಿಡ್ತಾರೆ ಅಂದ್ರು,” ಎಂದು ಅವರು ನನಗೆ ಹೇಳಿದರು. ಕೆಲಸ ಸಿಕ್ಕಿತು. ಅಲ್ಲಿಂದಲೇ ನಿವೃತ್ತರಾದರು.

ಮೇಷ್ಟ್ರು ಹೇಳಿದ್ದು ಹುಡುಗನ ಒಳಿತಿಗಾಗಿ. ಅಂದಿನ ಕಚೇರಿಗಳ ಮನಸ್ಸು ಅವರಿಗೆ ಗೊತ್ತಿತ್ತು. ಇಷ್ಟಾದರೂ ಆ ‘ನಿಲ್’ ಅನ್ನು ನಾನು ಒಪ್ಪಲಾರೆ. ಹುಡುಗ ಇನ್ನೊಂದು ವೃತ್ತಿಗೆ ದಾಟುವಾಗ ಹಿಂದಿನ ಬದುಕನ್ನು ಅಳಿಸಿ ದಾಟಬೇಕೆಂದು ಶಾಲೆಯೇ ಕಲಿಸಿದಂತಾಯಿತು. ಹೋಟೆಲಿನಲ್ಲಿ ಅವನು ಕಲಿತದ್ದು ಕಡಿಮೆಯೇ? ಹಿಂದಿ, ಮರಾಠಿ, ಗುಜರಾತಿ ಗಿರಾಕಿಗಳ ಜತೆ ಅವರವರ ಭಾಷೆಯಲ್ಲಿ ವ್ಯವಹಾರ, ಹತ್ತು ಮೇಜುಗಳ ಬಿಲ್ಲನ್ನು ಬಾಯಿಲೆಕ್ಕದಲ್ಲಿ ಕೂಡಿಸುವ ಚುರುಕು, ಸಿಟ್ಟಿನ ಗಿರಾಕಿಯನ್ನು ತಣ್ಣಗಾಗಿಸುವ ಜಾಣತನ, ನಾಳೆಗೆ ಎಷ್ಟು ಅಕ್ಕಿ ಉದ್ದು ನೆನೆಹಾಕಬೇಕೆಂಬ ಅಂದಾಜು. ಇವುಗಳಲ್ಲಿ ಒಂದನ್ನೂ ಶಾಲೆ ಪಾಠವಾಗಿ ಎತ್ತಿಕೊಳ್ಳಲಿಲ್ಲ. ಗಣಿತದ ಮೇಷ್ಟ್ರು ಗಲ್ಲಾದ ಲೆಕ್ಕದಿಂದ ಬಡ್ಡಿಯ ಲೆಕ್ಕಕ್ಕೆ ನಡೆಸಿಕೊಂಡು ಹೋಗಬಹುದಿತ್ತು. ಹಾಗೆ ಮಾಡಿದ ಮೇಷ್ಟ್ರುಗಳು ಇದ್ದಿರಬಹುದು, ಶಾಲೆಯ ಪದ್ಧತಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಫಲಿತಾಂಶದ ಶೇಕಡಾವಾರು ಮಾತ್ರ ವಾರ್ಷಿಕೋತ್ಸವದ ವೇದಿಕೆಯಲ್ಲಿ ಮೊಳಗುತ್ತಿತ್ತು.

ಹೋಟೆಲಿನ ಹಿಂದಿನ ದಿನಗಳನ್ನು ಹೇಳಿಕೊಳ್ಳುವ ಹಕ್ಕು ಗೆದ್ದವರಿಗಷ್ಟೇ ದಕ್ಕಿತು. ಕಾರ್ಕಳ ತಾಲ್ಲೂಕಿನ ಎಣ್ಣೆಹೊಳೆಯಿಂದ ಹುಡುಗನಾಗಿ ಬಂದ ದಯಾ ನಾಯಕ್, ಹೋಟೆಲಿನಲ್ಲಿ ದುಡಿಯುತ್ತಲೇ ಓದಿ, 1995ರಲ್ಲಿ ಮುಂಬಯಿ ಪೊಲೀಸ್ ಪಡೆಯಲ್ಲಿ ಸಬ್-ಇನ್‌ಸ್ಪೆಕ್ಟರ್ ಆದರು. ಅವರ ಪೊಲೀಸ್ ಬದುಕಿನ ಬಗ್ಗೆ ವಾದವಿವಾದ ಬಹಳ ಇದೆ, ಅದು ಬೇರೆಯೇ ಚರ್ಚೆ. ಅವರ ಬಗೆಗಿನ ವರದಿಗಳಲ್ಲಿ ಹೋಟೆಲಿನ ದಿನಗಳ ಮಾತು ತಪ್ಪುವುದಿಲ್ಲ. ಮಹಾನಗರಪಾಲಿಕೆಯಲ್ಲಿ, ಬೆಸ್ಟ್‌ನಲ್ಲಿ, ರೈಲ್ವೆಯಲ್ಲಿ ಗುಮಾಸ್ತರಾಗಿ ಸದ್ದಿಲ್ಲದೆ ದುಡಿದವರು ಮಾತ್ರ ಅದನ್ನು ಮಕ್ಕಳಿಗೂ ಪೂರ್ತಿ ಹೇಳಲಿಲ್ಲ.

ಇನ್ನೊಂದು ವಿಷಯವನ್ನು ನಮ್ಮ ಸ್ಮರಣ ಸಂಚಿಕೆಗಳು ಮುಟ್ಟುವುದೇ ಇಲ್ಲ. ಶಾಲೆಗೆ ದೇಣಿಗೆ ಕೊಟ್ಟ ಮಾಲಕರಲ್ಲಿ ಅನೇಕರು ಹತ್ತು ಹನ್ನೆರಡರ ಮಕ್ಕಳನ್ನು ದುಡಿಸಿಕೊಂಡವರೂ ಹೌದು. ಹದಿನಾಲ್ಕರೊಳಗಿನ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದೆಂಬ ಆದೇಶ ಜಾರಿಗೆ ಬಂದದ್ದೇ 2006ರ ಅಕ್ಟೋಬರ್ 10ರಂದು. ಅಲ್ಲಿಯವರೆಗೆ ಹಗಲಿನ ಶಾಲೆಯಲ್ಲಿ ಇರಬೇಕಾದ ಮಗು ರಾತ್ರಿ ಶಾಲೆಯ ಬೆಂಚಿನಲ್ಲಿ ತೂಕಡಿಸುತ್ತಿತ್ತು. ಹುಡುಗನನ್ನು ಸಂಜೆ ಬಿಟ್ಟುಕೊಟ್ಟ ಮಾಲಕನ ಔದಾರ್ಯ ನಿಜ. ಬೆಳಗಿನ ಐದು ಗಂಟೆಯಿಂದ ಆ ಮಗು ನಿಂತೇ ಇತ್ತು ಎಂಬುದೂ ಅಷ್ಟೇ ನಿಜ. ಹೆಣ್ಣುಮಕ್ಕಳಂತೂ ಈ ಲೆಕ್ಕದಲ್ಲಿ ಬಹುಮಟ್ಟಿಗೆ ಬರಲೇ ಇಲ್ಲ. ಹುಡುಗರು ಹೋಟೆಲಿನ ಮಾಳಿಗೆಯಲ್ಲಿ ಮಲಗುತ್ತಿದ್ದರು, ಅವರ ಅಕ್ಕತಂಗಿಯರು ಊರಿನಲ್ಲಿ ಬೀಡಿ ಕಟ್ಟುತ್ತಿದ್ದರು.

ಇಂದು ಅದೇ ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ನಿಂತವರು ಉತ್ತರ ಪ್ರದೇಶ, ಬಿಹಾರ, ಒಡಿಶಾ, ನೇಪಾಳದಿಂದ ಬಂದ ಹುಡುಗರು. ಕರಾವಳಿಯ ಹುಡುಗರು ಈಗ ಹೋಟೆಲಿನ ಕೆಲಸಕ್ಕೆಂದು ಮುಂಬಯಿಗೆ ಬರುವುದು ಅಪರೂಪ. ಕನ್ನಡ ರಾತ್ರಿ ಶಾಲೆಗಳ ತರಗತಿಗಳು ಬರಿದಾಗುತ್ತಿವೆ. ಇದನ್ನು ಕನ್ನಡದ ಅವನತಿ ಎಂದು ಸಭೆಗಳಲ್ಲಿ ಮರುಗುವವರನ್ನು ಕಂಡಿದ್ದೇನೆ. ನನ್ನ ಮರುಕ ಬೇರೆಯದು. ಗೋರಖಪುರದಿಂದ ಬಂದು ನಮ್ಮ ಹಿಟ್ಟು ರುಬ್ಬುವ ಹದಿನೆಂಟರ ಹುಡುಗ ಎಲ್ಲಿಯವರೆಗೆ ಓದಿದ್ದಾನೆ, ಮುಂದೆ ಏನಾಗಬೇಕೆಂದಿದ್ದಾನೆ ಎಂದು ರಾತ್ರಿ ಶಾಲೆಯಲ್ಲೇ ಕಲಿತು ಮೇಲೆ ಬಂದ ಮಾಲಕರಾದರೂ ಕೇಳಬೇಡವೇ? ಕಟ್ಟಡ ಇದೆ, ಬೆಂಚುಗಳಿವೆ, ಕೈಹಿಡಿದು ನಡೆಸಿದ ಅನುಭವವೂ ಇದೆ. ಅಲ್ಲಿ ಸಂಜೆ ಹಿಂದಿಯಲ್ಲಿ ಪಾಠ ನಡೆದರೆ 1908ರಲ್ಲಿ ಶಾಲೆ ತೆರೆದವರಿಗೆ ಅಗೌರವವಾಗದು. ಜತೆಗೆ ಹೋಟೆಲಿಗರ ಸಂಘಟನೆ ‘ಆಹಾರ್’ ಇನ್ನೊಂದು ಕೆಲಸಕ್ಕೂ ಕೈಹಾಕಲಿ: ಕೆಲಸ ಬಿಟ್ಟು ಹೊರಡುವ ಪ್ರತಿಯೊಬ್ಬ ಹುಡುಗನಿಗೂ ಎಷ್ಟು ವರ್ಷ ದುಡಿದ, ಯಾವ ಯಾವ ಕೆಲಸ ಮಾಡಿದ, ಎಷ್ಟು ನಗದು ನಿಭಾಯಿಸಿದ ಎಂದು ಮಾಲಕನ ಸಹಿಯೊಂದಿಗೆ ಬರೆದುಕೊಡುವ ಪದ್ಧತಿ ತರಲಿ. ಮುಂದಿನ ಅರ್ಜಿಗೆ ಅವನು ಲಗತ್ತಿಸಲು ಅದು ಬೇಕು.